ನಮ್ಮ ಹಜಾರದಲ್ಲಿ ಕೇಳಿಸಿದ ಕೋರ್ಟು

ಆ ಹುಡುಗಿ ನಮ್ಮ ಮನೆಗೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ತುಮಕೂರಿನ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು. ಆಫ್ರಿಕಾದ ಒಂದು ಪುಟ್ಟ ದೇಶದಿಂದ ನರ್ಸಿಂಗ್ ಓದಲು ಬಂದಿದ್ದ ಅವಳಿಗೆ ಹಾಸ್ಟೆಲಿನ ಗದ್ದಲ ಒಗ್ಗಿರಲಿಲ್ಲ. ಒಂದು ಸೂಟ್‌ಕೇಸು, ಒಂದು ಕೊಡೆ ಹಿಡಿದುಕೊಂಡು ಗೇಟಿನ ಹೊರಗೆ ನಿಂತು, ಒಳಗೆ ಬರಲೋ ಬೇಡವೋ ಎಂಬಂತೆ ನೋಡುತ್ತಿದ್ದಳು. ಬಾಡಿಗೆಗೆ ಕೊಡುವುದೋ ಬೇಡವೋ ಎಂದು ನಾನು ಮತ್ತು ನನ್ನ ಗಂಡ ಒಳಗೆ ಪಿಸುಗುಡುತ್ತಿದ್ದಾಗ ಪೂಜೆ ಮುಗಿಸಿ ಬಂದ ನಮ್ಮತ್ತೆ ಹಣೆಯ ವಿಭೂತಿ ಇನ್ನೂ ಆರಿರದ ಹಾಗೇ ಬಾಗಿಲಿಗೆ ಹೋಗಿ ಅವಳನ್ನು ನೋಡಿ ಬಂದರು.

"ಯಾವ್ ದೇಶದೋಳಾದ್ರೆ ಏನು? ಮ್ಯಾಲೆ ಒಂದು ಲೈಟ್ ಉರೀತಿದ್ರೆ ಮನೆ ಮನೆ ಥರ ಇರ್ತದೆ. ಇರ್ಲಿ ಬುಡು," ಅಂದರು.

ಅಲ್ಲಿಗೆ ಅದು ತೀರ್ಮಾನವಾಯಿತು.

ನಾನು ಗುಬ್ಬಿಯ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆ ಅದರಲ್ಲೇ ವಾಪಸ್ಸು. ಆ ಹಾದಿಯಲ್ಲಿ ತೆಂಗಿನ ತೋಟಗಳ ನಡುವೆ ಮಂಜು ಇನ್ನೂ ಮಲಗಿರುವಾಗ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿ ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನ್ಯಾಯಾಂಗದ ಅಧ್ಯಾಯ ಬಂದಾಗ ಮಕ್ಕಳು ಆಕಳಿಸುತ್ತಾರೆ. ನ್ಯಾಯಾಂಗ ಪರಿಶೀಲನೆ, ರಿಟ್‌ಗಳು, ಸಂವಿಧಾನದ ರಕ್ಷಕ ಎಂದೆಲ್ಲ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಬಿಸಿಲಿನಲ್ಲಿ ನಿಧಾನಕ್ಕೆ ಇಳಿಯುವುದನ್ನು ನೋಡುತ್ತಾ ನಾನೂ ಎಲ್ಲೋ ಹೋಗಿಬಿಡುತ್ತಿದ್ದೆ. ನಾನು ಹುಟ್ಟುವ ಮೊದಲೇ ಇದ್ದ ಸಂಗತಿಗಳು ಅವು. ಮನೆಯ ಅಡಿಪಾಯವನ್ನು ಯಾರು ತಾನೇ ದಿನಾ ಬಗ್ಗಿ ನೋಡುತ್ತಾರೆ?

ಹುಡುಗಿ ನನ್ನ ಜೊತೆ ಇಂಗ್ಲಿಷಿನಲ್ಲಿ, ಅತ್ತೆಯ ಜೊತೆ ತಾನೇ ಕಟ್ಟಿಕೊಂಡ ಕನ್ನಡದಲ್ಲಿ ಮಾತಾಡುತ್ತಿದ್ದಳು. "ಅಜ್ಜಿ, ನಾನು ಬಂದವ್ನೆ," ಎಂದು ಕಾಲೇಜಿನಿಂದ ಬಂದ ಕೂಡಲೇ ಕೂಗುವಳು. ಪಕ್ಕದ ಮನೆಯ ಆಟೋ ಡ್ರೈವರಿನಿಂದ ಕಲಿತದ್ದು. ಅತ್ತೆ ಎಷ್ಟು ಸಲ "ಬಂದವ್ನೆ ಅಲ್ಲ ಕಣೇ, ನೀನು ಹೆಂಗ್ಸು. ಬಂದಿದೀನಿ ಅನ್ನು," ಎಂದರೂ ಅವಳು ನಗುತ್ತಾ ಅದನ್ನೇ ಹೇಳುತ್ತಿದ್ದಳು.

ಅವಳ ದೇಶದ ಬಗ್ಗೆ ಸಂಜೆ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದಳು. ಉದ್ದಕ್ಕೂ ಒಂದು ಸರೋವರ, ಅದರ ಅಂಚಿಗೆ ಅಂಟಿಕೊಂಡಂತೆ ನೆಲ. ಎಷ್ಟೋ ವರ್ಷ ಅಲ್ಲಿ ಒಂದೇ ಪಕ್ಷ, ಒಬ್ಬನೇ ನಾಯಕ. "ಜನ ಮೊದಲ ಸಲ ತಮಗೆ ಬೇಕಾದವರಿಗೆ ಓಟು ಹಾಕಿದ ವರ್ಷ ನಾನು ಹುಟ್ಟಿದ್ದು," ಅಂದಳು ಒಮ್ಮೆ. "ಅಮ್ಮ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಳಂತೆ. ನಮ್ಮ ಡೆಮಾಕ್ರಸಿಗೂ ನನಗೂ ಒಂದೇ ವಯಸ್ಸು."

ಅವಳ ತಂದೆ ತೀರಿಕೊಂಡು ಬಹಳ ದಿನವಾಗಿತ್ತು. ತಾಯಿ ಸರೋವರದ ದಡದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಟೀಚರು.

ದೀಪಾವಳಿ ಕಳೆದ ಮೇಲೆ ಅವಳ ದೇಶದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಅಲ್ಲೂ ನಮ್ಮ ಹಾಗೆಯೇ, ಮತಗಟ್ಟೆಗೆ ಶಾಲೆಯ ಟೀಚರುಗಳೇ ಬೇಕು. ಅವಳ ತಾಯಿಗೂ ಡ್ಯೂಟಿ ಬಿದ್ದಿತ್ತು. ಅಲ್ಲಿ ಓಟು ಮುಗಿದ ಮೇಲೆ ಅದೇ ಶಾಲೆಯಲ್ಲಿ ಎಣಿಸುತ್ತಾರೆ. ಮಾರನೆಯ ದಿನ ಹುಡುಗಿ ಮೆಟ್ಟಿಲಿಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೈಯಲ್ಲಿ ಫೋನು. ಹಿಂದಿನ ಸಾಯಂಕಾಲ ಅವಳ ಅಮ್ಮನ ಮತಗಟ್ಟೆಯಲ್ಲಿ, ಎಣಿಕೆ ಇನ್ನೇನು ಶುರುವಾಗಬೇಕು ಎನ್ನುವಾಗ, ಆಳುವ ಪಕ್ಷದವರು ಒಂದು ಲಾರಿಯಲ್ಲಿ ಬಂದು ಪೆಟ್ಟಿಗೆಗಳನ್ನು ತುಂಬಿಕೊಂಡು ಹೋದರಂತೆ. ಬೆಳಗಾಗುವಷ್ಟರಲ್ಲಿ ಪೆಟ್ಟಿಗೆಗಳು ವಾಪಸ್ಸು ಬಂದಿದ್ದವಂತೆ, ಬೇರೆಯದೇ ಭಾರದೊಂದಿಗೆ. ಅದೊಂದು ಊರಿನಲ್ಲಿ ಅಷ್ಟೇ ಅಲ್ಲ, ಸರೋವರದ ದಡದುದ್ದಕ್ಕೂ ಹೀಗೇ ಆಗಿದೆ ಎಂದು ಜನ ಮಾತಾಡುತ್ತಿದ್ದರಂತೆ. ಹಳೆಯ ಅಧ್ಯಕ್ಷನೇ ಗೆದ್ದನೆಂದು ಘೋಷಣೆಯೂ ಆಯಿತು.

ಅವಳನ್ನು ಸಮಾಧಾನ ಮಾಡಲೆಂದು ನಾನು ನನ್ನ ಚುನಾವಣಾ ಡ್ಯೂಟಿಯ ಕತೆ ಹೇಳಿದೆ. ಕುಣಿಗಲ್ ತಾಲ್ಲೂಕಿನ ಅಮೃತೂರಿನ ಹತ್ತಿರ ಒಂದು ಹಳ್ಳಿ. ಪಂಚಾಯ್ತಿ ಚುನಾವಣೆ. ತೆಂಗಿನ ಮರಗಳ ನಡುವಿನ ಶಾಲೆ, ತಗಡಿನ ಪೆಟ್ಟಿಗೆ. ಬೆಳಿಗ್ಗೆಯೇ ಸೀರೆ ಸೆರಗನ್ನು ತಲೆ ಮೇಲೆ ಹೊದ್ದು ಸಾಲಾಗಿ ನಿಂತ ಹೆಂಗಸರು. ಮಧ್ಯಾಹ್ನ ಬಿಳಿ ಷರಟಿನ ಒಬ್ಬ ಒಳಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂರಲು ನೋಡಿದ.

"ಇಲ್ಲಿ ಕೂರಂಗಿಲ್ಲ," ಅಂದೆ.

"ಸುಮ್ನೆ ನೋಡ್ತೀನಿ ಅಷ್ಟೇ ಮೇಡಂ. ನಾವ್ ಯಾರು ಅಂತ ಗೊತ್ತಾ ನಿಮಗೆ?"

"ಯಾರಾದ್ರೂ ಅಷ್ಟೇ. ಆಗಲ್ಲ."

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಕ್ಕು, "ಆಯ್ತು ಬುಡಿ," ಎಂದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಟೀ ಕುಡಿಯುತ್ತಾ ಕೂತ. ಬಾಗಿಲಲ್ಲಿದ್ದ ಪೇದೆ ಕೂತಲ್ಲಿಂದ ಏಳಲೂ ಇಲ್ಲ. ಅಷ್ಟೇ ಕತೆ. ನಗಿಸಲೆಂದೇ ಹೇಳಿದ್ದೆ.

ಹುಡುಗಿ ನಗಲಿಲ್ಲ. "ಅಷ್ಟಕ್ಕೇ ಎದ್ದು ಹೋದನಾ? ಯಾಕೆ?"

"ಆಗಲ್ಲ ಅಂದೆನಲ್ಲ."

"ನಮ್ಮಮ್ಮನೂ ಆಗಲ್ಲ ಅಂದಿದ್ದಳು," ಅಂದಳು.

ಆ ಸಂಜೆ ಅಡುಗೆಮನೆಯಲ್ಲಿ ನಿಂತು ಆ ಮಾತನ್ನೇ ಯೋಚಿಸುತ್ತಿದ್ದೆ. ನನ್ನ ಒಂದು ಪದಕ್ಕೆ ಅಷ್ಟು ತೂಕ ಎಲ್ಲಿಂದ ಬಂದಿತ್ತು? ಆ ಬಿಳಿ ಷರಟಿನವನು ಹೆದರಿದ್ದು ನನಗಂತೂ ಅಲ್ಲ. ನನ್ನ ಹಿಂದೆ ಎಲ್ಲೋ ಬಹಳ ದೂರದಲ್ಲಿ, ನನಗೂ ಅವನಿಗೂ ಕಾಣದ ಹಾಗೆ, ಏನೋ ನಿಂತಿತ್ತು. ಅದೇ ಪದವನ್ನು ಅದೇ ಥರದ ಶಾಲೆಯಲ್ಲಿ ಹೇಳಿದ ಇನ್ನೊಬ್ಬ ಟೀಚರಿನ ಹಿಂದೆ ಅದು ಇನ್ನೂ ಬಂದು ನಿಂತಿರಲಿಲ್ಲ.

ಸೋತ ಪಕ್ಷದವರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಅವರ ದೇಶದಲ್ಲಿ ಇಂಥ ದೊಡ್ಡ ವ್ಯಾಜ್ಯಗಳಿಗೆಂದೇ ಕೂರುವ ಕೋರ್ಟು ಅದು. ಅಲ್ಲಿಯವರೆಗೆ ಗೆದ್ದವನನ್ನು ಇಳಿಸಿದ ಉದಾಹರಣೆ ಒಂದೂ ಇರಲಿಲ್ಲ. ಅವಳ ತಾಯಿ ಸಾಕ್ಷಿ ಹೇಳಲು ಒಪ್ಪಿಕೊಂಡರು. ಒಪ್ಪಿಕೊಂಡ ವಾರದಲ್ಲೇ ಅವರನ್ನು ಕೆಲಸದಿಂದ ಸಸ್ಪೆಂಡ್ ಮಾಡಿದರು. ಅವರು ಊರು ಬಿಟ್ಟು ತಂಗಿಯ ಮನೆ ಸೇರಿದರು. ಹುಡುಗಿ ಫೋನಿನಲ್ಲಿ ಬೇಡಮ್ಮಾ ಬೇಡ ಎಂದು ಅತ್ತಳು. ಭಾಷೆ ತಿಳಿಯದಿದ್ದರೂ ನಮಗೆಲ್ಲ ಅದು ತಿಳಿಯಿತು.

ವಿಚಾರಣೆಯನ್ನು ಅಲ್ಲಿಯ ರೇಡಿಯೋ ನೇರವಾಗಿ ಬಿತ್ತರಿಸುತ್ತಿತ್ತು. ಅದನ್ನು ಫೋನಿನಲ್ಲೂ ಕೇಳಬಹುದಿತ್ತು. ಅಲ್ಲಿ ಬೆಳಿಗ್ಗೆ ಕೋರ್ಟು ಶುರುವಾದರೆ ನಮಗೆ ಊಟದ ಹೊತ್ತು. ಅದು ಅವರೆಕಾಯಿ ಕಾಲ. ಮನೆಯೆಲ್ಲ ಸೊಗಡಿನ ಘಮ. ಅತ್ತೆ ಹಜಾರದಲ್ಲಿ ಕಾಲು ಚಾಚಿ ಕೂತು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು. ಹುಡುಗಿ ಫೋನನ್ನು ಸ್ಟೀಲಿನ ಚೊಂಬಿನೊಳಗೆ ಇಡುತ್ತಿದ್ದಳು, ದನಿ ದೊಡ್ಡದಾಗಿ ಕೇಳಲಿ ಎಂದು. ಚೊಂಬಿನಿಂದ ಏಳುವ ಆ ದನಿಗೆ ಬಾವಿಯ ತಳದಿಂದ ಬರುವಂಥ ಒಂದು ಗುಂಯ್ ಇತ್ತು. ಕುರ್ಚಿ ಎಳೆದ ಸದ್ದು, ಕಾಗದ ಮಗುಚುವ ಸದ್ದು, ಅಲ್ಲಿಯ ಯಾವುದೋ ಹಕ್ಕಿಯ ಕೂಗು. ಕಣ್ಣು ಮುಚ್ಚಿದರೆ ನಮ್ಮ ಹಜಾರವೇ ಕೋರ್ಟಾಗಿ, ಆ ಹಕ್ಕಿ ನಮ್ಮ ಸೀಬೆಮರದಲ್ಲೇ ಕೂತಂತೆ ಆಗುತ್ತಿತ್ತು.

ಹಿರಿಯ ನ್ಯಾಯಮೂರ್ತಿಗೆ ಕೆಮ್ಮು. ಪ್ರತಿ ಮಾತಿಗೆ ಮುಂಚೆ ಕೆಮ್ಮಿ ನೀರು ಕುಡಿಯುತ್ತಿದ್ದರು. ಅತ್ತೆ ಅವರಿಗೆ 'ಕೆಮ್ಮೋ ಜಡ್ಜು' ಎಂದು ಹೆಸರಿಟ್ಟರು. "ಈ ವಯ್ಯನಿಗೆ ಯಾರಾದ್ರೂ ಒಂಚೂರು ಶುಂಠಿ ಕಷಾಯ ಮಾಡ್ಕೊಡಬಾರ್ದಾ?" ಎಂದು ಗೊಣಗುತ್ತಿದ್ದರು. ದಿನಾ ಮಧ್ಯಾಹ್ನ ನಾನು ಮನೆಯಲ್ಲಿರುತ್ತಿರಲಿಲ್ಲ. ಸಂಜೆ ಗಾಡಿ ಇಳಿದು ಬಂದರೆ ಅತ್ತೆಯೇ ವರದಿ ಕೊಡುತ್ತಿದ್ದರು. "ಇವತ್ತು ಕೆಮ್ಮೋ ಜಡ್ಜು ಲಾಯರಿಗೆ ಚೆನ್ನಾಗ್ ಬೈದ ಕಣೇ. ಏನ್ ಅಂದ ಅಂತ ತಿಳೀಲಿಲ್ಲ. ಬೈದದ್ದು ಮಾತ್ರ ನಿಜ."

ಅವಳ ತಾಯಿ ಸಾಕ್ಷಿ ಹೇಳುವ ದಿನ ನಾನು ರಜೆ ಹಾಕಿದೆ. ಅವರು ತಮ್ಮ ಭಾಷೆಯಲ್ಲೇ ಮಾತಾಡಿದರು. ಹುಡುಗಿ ಕೇಳಿಸಿಕೊಂಡು ನನಗೆ ಇಂಗ್ಲಿಷಿನಲ್ಲಿ ಹೇಳುವಳು, ನಾನು ಅತ್ತೆಗೆ ಕನ್ನಡದಲ್ಲಿ. ಸರೋವರದ ದಡದಲ್ಲಿ ಹೊರಟ ಮಾತು ಎರಡು ಬಾಗಿಲು ದಾಟಿ ಅವರೆಕಾಯಿಯ ಮೊರದ ಹತ್ತಿರ ಬರುವ ಹೊತ್ತಿಗೆ ಸರ್ಕಾರದ ಕಡೆಯ ವಕೀಲ ಮುಂದಿನ ಪ್ರಶ್ನೆ ಕೇಳಿರುತ್ತಿದ್ದ.

"ಕತ್ತಲಾಗುತ್ತಿತ್ತು. ಬಂದವರು ಯಾರೆಂದು ನಿಮಗೆ ಹೇಗೆ ಗೊತ್ತು?"

"ಅವರಲ್ಲಿ ಕೆಲವರು ನನ್ನ ಹತ್ತಿರ ಓದಿದವರು."

"ಹಾಗಾದರೆ ನೀವು ತಡೆಯಬಹುದಿತ್ತಲ್ಲ? ನಿಮ್ಮ ಕರ್ತವ್ಯ ಅದೇ ಅಲ್ಲವೇ?"

ಚೊಂಬಿನೊಳಗೆ ಬರೀ ಗುಂಯ್ ಎನ್ನುವ ಸದ್ದು. ಲೈನು ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಹುಡುಗಿ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಆಮೇಲೆ ಆ ದನಿ ಬಂತು. ತೀರ ಸಣ್ಣದಾಗಿ.

"ಆಗಲ್ಲ ಅಂದೆ. ತಳ್ಳಿದರು. ಆಮೇಲೆ ನನಗೆ ಹೆದರಿಕೆಯಾಯಿತು. ನೆಲದ ಮೇಲೆ ಕೂತುಬಿಟ್ಟೆ. ಲಾರಿ ಹೋಗುವವರೆಗೂ ಏಳಲಿಲ್ಲ."

ಹುಡುಗಿ ಇದನ್ನು ನನಗೆ ಹೇಳಿ ಮುಖ ಮುಚ್ಚಿಕೊಂಡಳು. ಕೆಮ್ಮೋ ಜಡ್ಜು ಕೆಮ್ಮಿದರು. ಸಾಕ್ಷಿಗೆ ಕುರ್ಚಿ ಕೊಡಿ, ನೀರು ಕೊಡಿ ಎಂದರು. ಕುರ್ಚಿ ಎಳೆದ ಸದ್ದು ನಮಗೂ ಕೇಳಿಸಿತು.

ಅತ್ತೆಯ ಕೈ ಮೊರದ ಮೇಲೇ ನಿಂತಿತ್ತು. "ಅಳಬ್ಯಾಡ ಕಣೇ," ಅಂದರು ಹುಡುಗಿಗೆ. "ಹೆದ್ರಿಕೊಂಡೆ ಅಂತ ಅಷ್ಟ್ ಜನದ ಮುಂದೆ ಯಾರ್ ಹೇಳ್ತಾರೆ? ನಿಮ್ಮವ್ವ ಹೇಳವ್ಳೆ."

ಆ ರಾತ್ರಿಯ ಊಟಕ್ಕೆ ಹಿತಕಿದ ಬೇಳೆ ಸಾರು. ಹುಡುಗಿ ಮುದ್ದೆಯನ್ನು ತಟ್ಟೆಯಲ್ಲಿ ಹೊರಳಿಸುತ್ತಾ ಕೂತಳೇ ಹೊರತು ಉಣ್ಣಲಿಲ್ಲ.

ವಿಚಾರಣೆ ಮುಗಿದು ತೀರ್ಪು ಕಾಯ್ದಿರಿಸಿದರು. ಕಾಯುವುದೆಂದರೆ ಏನೆಂದು ಆ ದಿನಗಳಲ್ಲಿ ನಮ್ಮ ಮನೆಗೆ ತಿಳಿಯಿತು. ಮಹಡಿಯ ಮೇಲೆ ಹೆಜ್ಜೆ ಸಪ್ಪಳ ನಿಲ್ಲುತ್ತಲೇ ಇರಲಿಲ್ಲ. ಒಂದು ಶನಿವಾರ ಅವಳು ಬಂದು, "ನೀವು ಡ್ಯೂಟಿ ಮಾಡಿದಿರಲ್ಲ, ಆ ಶಾಲೆ ತೋರಿಸುತ್ತೀರಾ?" ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು. ಕುಣಿಗಲ್ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತೆವು. ನೀರು ಬೆಳ್ಳಗೆ, ಅಲ್ಲಾಡದೆ, ಆಕಾಶದ್ದೇ ಒಂದು ತುಂಡಿನಂತೆ ಬಿದ್ದಿತ್ತು. ಒಂದು ತೆಪ್ಪ ಚಲಿಸುತ್ತಿದೆಯೋ ನಿಂತಿದೆಯೋ ಗೊತ್ತಾಗದ ಹಾಗೆ ನಡುವಿನಲ್ಲಿತ್ತು. "ನಮ್ಮದರಲ್ಲಿ ಅಲೆಗಳಿವೆ. ಆದರೆ ವಾಸನೆ ಇದೇ," ಎಂದು ಅವಳು ಮೂಗರಳಿಸಿ ಉಸಿರೆಳೆದುಕೊಂಡಳು. ಊರಾಚೆ ಕುದುರೆ ಫಾರಮ್ಮಿನ ಬೇಲಿಯ ಹಿಂದೆ, ಮಂಜು ಪೂರ್ತಿ ಕರಗಿರದ ಹುಲ್ಲಿನ ಮೇಲೆ, ಕಂದು ಕುದುರೆಗಳು ತಲೆ ತಗ್ಗಿಸಿ ನಿಂತಿದ್ದವು. ಅವುಗಳ ಕಾಲು ಮಂಜಿನಲ್ಲಿ ಅಳಿಸಿಹೋಗಿ ಬರೀ ಬೆನ್ನುಗಳು ತೇಲುತ್ತಿದ್ದಂತೆ ಕಂಡವು. ಅವಳು ಬಹಳ ದಿನಗಳ ಮೇಲೆ ನಕ್ಕಳು.

ಅಮೃತೂರಿನ ಖಾಸಗಿ ಬಸ್ಸಿನಲ್ಲಿ ಹಾಡು ಕಿವಿಗಡಚಿಕ್ಕುತ್ತಿತ್ತು. ಹಳ್ಳಿಯಲ್ಲಿ ಇಳಿದರೆ ಶಾಲೆಗೆ ಬೀಗ. ಎದುರು ಮನೆಯ ಹೆಂಗಸು ಹೊರಗೆ ಬಂದು ನನ್ನನ್ನು ದಿಟ್ಟಿಸಿ ನೋಡಿದಳು. ಚುನಾವಣೆಯ ದಿನ ನಮಗೆಲ್ಲ ಮಜ್ಜಿಗೆ ಕೊಟ್ಟವಳು ಅವಳೇ.

"ಓಟಿನ್ ಮೇಡಮ್ಮಾರು ಅಲ್ವಾ ನೀವು? ಮತ್ತೆ ಬಂತಾ ಎಲೆಕ್ಷನ್ನು?"

"ಇಲ್ಲಮ್ಮ. ಇವಳಿಗೆ ಶಾಲೆ ತೋರಿಸೋಣ ಅಂತ ಬಂದೆ."

ಬೀಗದ ಕೈ ಅವಳ ಮನೆಯಲ್ಲೇ ಇರುತ್ತಿತ್ತು. ಕೋಣೆ ನಾನು ಬಿಟ್ಟು ಹೋದ ಹಾಗೇ ಇತ್ತು. ಕಿಟಕಿಯಿಂದ ತೆಂಗಿನ ಗರಿಗಳ ನೆರಳು ಬಂದು ಗೋಡೆಯ ಮೇಲೆ ಬರೆದಿದ್ದ ಅಕ್ಷರಮಾಲೆಯ ಮೇಲೆ ಆಡುತ್ತಿತ್ತು. ನಾನು ಕೂತಿದ್ದ ಜಾಗ, ಪೆಟ್ಟಿಗೆ ಇಟ್ಟಿದ್ದ ಮೂಲೆ, ಎಲ್ಲ ತೋರಿಸಿದೆ. ಹುಡುಗಿ ಕೇಳುತ್ತಾ ಕೇಳುತ್ತಾ ಹೋಗಿ ಆ ಮೂಲೆಯಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಮಂಡಿಯನ್ನು ತಬ್ಬಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅಲ್ಲಿಂದ ಬಾಗಿಲು ತುಂಬ ದೊಡ್ಡದಾಗಿ ಕಾಣುತ್ತಿತ್ತು. ಅದರ ಬೆಳಕಿನಲ್ಲಿ ಯಾರೇ ಬಂದು ನಿಂತರೂ ಮುಖ ಕಾಣುವುದಿಲ್ಲ, ಬರೀ ಆಕಾರ. ಡ್ಯೂಟಿಯ ದಿನವೆಲ್ಲ ಅದೇ ಕೋಣೆಯಲ್ಲಿದ್ದ ನನಗೆ ಅದು ಗೊತ್ತಾಗಿರಲಿಲ್ಲ. ನಾನು ಕುರ್ಚಿಯ ಮೇಲೆ ಕೂತಿದ್ದೆ.

"ಯಾಕವ್ವ ನೆಲದಾಗ್ ಕೂತ್ಕಂಡ್ರಿ? ಬೆಂಚ್ ಐತಲ್ಲ," ಅಂದಳು ಬಾಗಿಲಲ್ಲಿ ಬಂದು ನಿಂತ ಆ ಹೆಂಗಸು.

ನಾನು ನಡೆದದ್ದನ್ನು ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡಳು. "ನಮ್ಮೂರ್ ಪೆಟ್ಟಿಗೆ ಹೊತ್ಕಂಡ್ ಹೋಗಿದ್ರೆ ನಾವ್ ಸುಮ್ನೆ ಬುಡ್ತಿದ್ವಾ?" ಎಂದು ಜೋರಾಗಿ ಶುರು ಮಾಡಿದವಳು, ಆಮೇಲೆ ತನ್ನಷ್ಟಕ್ಕೆ ಯೋಚಿಸಿ, "ಬುಡ್ತಿದ್ವೇನೋ. ಲಾರಿ ತುಂಬ ಜನ ಬಂದ್ರೆ ಯಾರ್ ಏನ್ ಮಾಡಾಕಾಯ್ತದೆ?" ಅಂದಳು. ನಮ್ಮಿಬ್ಬರಿಗೂ ಎಳನೀರು ಕೊಚ್ಚಿಸಿಕೊಟ್ಟಳು.

ತೀರ್ಪಿನ ದಿನ ಬಂದದ್ದು ಬೇಸಿಗೆ ರಜೆಯಲ್ಲಿ. ನನ್ನ ಗಂಡನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು. ಮನೆಯಲ್ಲಿ ನಾವು ಮೂವರೇ. ಊಟ ಮುಗಿಸಿ, ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ, ಚೊಂಬಿನ ಸುತ್ತ ಕೂತೆವು. ನ್ಯಾಯಾಧೀಶರನ್ನು ಸೈನ್ಯದ ಗಾಡಿಯಲ್ಲಿ ಕೋರ್ಟಿಗೆ ಕರೆತಂದರಂತೆ. ಅಂಗಡಿಗಳೆಲ್ಲ ಬಾಗಿಲು ಮುಚ್ಚಿ ದೇಶಕ್ಕೆ ದೇಶವೇ ರೇಡಿಯೋ ಮುಂದೆ ಕೂತಿತ್ತಂತೆ.

ತೀರ್ಪು ಓದುವುದೆಂದರೆ ನಾನು ಅಂದುಕೊಂಡ ಹಾಗೆ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಒಬ್ಬರಾದ ಮೇಲೆ ಒಬ್ಬರಂತೆ ಇಂಗ್ಲಿಷಿನಲ್ಲಿ ಓದುತ್ತಲೇ ಹೋದರು. ಅಲ್ಲಿ ಹೀಗಾಯಿತು, ಇಲ್ಲಿ ಹಾಗಾಯಿತು, ಅದಕ್ಕೆ ಕಾನೂನು ಏನು ಹೇಳುತ್ತದೆ, ಹಿಂದಿನ ಕೋರ್ಟುಗಳು ಏನು ಹೇಳಿದ್ದವು. ಎಲ್ಲೋ ನಡುವೆ ಭಾರತದ ಸುಪ್ರೀಂ ಕೋರ್ಟಿನ ಮಾತೂ ಬಂತು. ನಾನು ಬೋರ್ಡಿನ ಮೇಲೆ ಬರೆಯುವ ಪದಗಳೇ, ಅಲ್ಲಿಯ ಉಚ್ಚಾರಣೆ ತೊಟ್ಟುಕೊಂಡು, ಯಾರದೋ ಮದುವೆಯಲ್ಲಿ ಸಿಕ್ಕ ನಮ್ಮೂರಿನವರಂತೆ ಕಂಡು ಮಾಯವಾದವು. ಫ್ಯಾನು ತಿರುಗುತ್ತಿತ್ತು. ಒದ್ದೆ ಬಟ್ಟೆಯಿಂದ ಬರುವ ಗಾಳಿಗೆ ಮಣ್ಣಿನ ವಾಸನೆ. ಆ ದನಿ ಓದುತ್ತಾ ಓದುತ್ತಾ ಹೋದಂತೆ, ಎಷ್ಟೋ ದಿನಗಳಿಂದ ನಿದ್ದೆಗೆಟ್ಟಿದ್ದ ಹುಡುಗಿ ಚಾಪೆಯ ಮೇಲೆ ಒರಗಿದಳು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಭಾರವಾಯಿತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಹೊರಗೆ ಬಿಸಿಲು ಹಳದಿಗೆ ತಿರುಗಿತು. ಅತ್ತೆ ಸಂಜೆಯ ಪೂಜೆಗೆ ಒಳಗೆ ಹೋದರು. ನಾನೊಬ್ಬಳೇ ಎಚ್ಚರವಾಗಿದ್ದೆ. ಆಗ ಕೆಮ್ಮೋ ಜಡ್ಜಿನ ಸರದಿ ಬಂತು. ಅವರು ಸರೋವರದ ದಡದ ಒಬ್ಬ ಶಾಲಾ ಶಿಕ್ಷಕಿಯ ಸಾಕ್ಷ್ಯದ ಬಗ್ಗೆ ಓದತೊಡಗಿದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಆಕೆ ತಡೆಯಲಿಲ್ಲವೆಂದು ಸರ್ಕಾರದ ವಕೀಲರು ವಾದಿಸಿದ್ದಾರೆ ಎಂದರು. ತಾನು ಹೆದರಿದೆನೆಂದು ಆಕೆ ಒಪ್ಪಿಕೊಂಡದ್ದೇ ಆಕೆಯ ಮಾತನ್ನು ನಂಬಲು ನಮಗೊಂದು ಕಾರಣ ಎಂದರು. ಮತಪೆಟ್ಟಿಗೆಯನ್ನು ಕಾಯುವ ಒಬ್ಬ ಹೆಣ್ಣುಮಗಳು ನೆಲದ ಮೇಲೆ ಕೂರಬೇಕಾಗಿ ಬಂದರೆ ಅಲ್ಲಿ ನಡೆದದ್ದನ್ನು ಚುನಾವಣೆ ಎಂದು ಕರೆಯಲು ಈ ನ್ಯಾಯಾಲಯಕ್ಕೆ ಸಾಧ್ಯವಿಲ್ಲ ಎಂದರು. ಕೆಮ್ಮಿದರು. ನೀರು ಕುಡಿದರು.

ಆಮೇಲೆ ಇನ್ನಷ್ಟು ಓದಿದರು. ಕೊನೆಗೆ, ಈ ಚುನಾವಣೆಯನ್ನು ರದ್ದುಗೊಳಿಸಲಾಗಿದೆ, ಹೊಸದಾಗಿ ನಡೆಯತಕ್ಕದ್ದು ಎಂದರು. ಅದೇ ದನಿಯಲ್ಲಿ, ಏರಿಳಿತವಿಲ್ಲದೆ. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಬೇರೇನೋ ಪದ ಇರಬೇಕು, ಆ ಉಚ್ಚಾರಣೆ ನನಗೆ ಸರಿಯಾಗಿ ತಿಳಿಯುತ್ತಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಚೊಂಬು ಝಣಗುಟ್ಟುವ ಹಾಗೆ ಜನರ ಕೂಗು ಕೇಳಿತು.

"ಏಳು, ಏಳು," ಎಂದು ಹುಡುಗಿಯ ಭುಜ ಅಲುಗಾಡಿಸಿದೆ. ಅವಸರದಲ್ಲಿ ಇಂಗ್ಲಿಷೆಲ್ಲ ಮರೆತುಹೋಗಿ ಕನ್ನಡದಲ್ಲೇ ಕೂಗಿದೆ. "ಎಲೆಕ್ಷನ್ ರದ್ದಾಯ್ತು ಕಣೇ!"

ಅವಳು ಕಣ್ಣು ಬಿಟ್ಟು ನನ್ನನ್ನು, ಸೂರನ್ನು, ಚೊಂಬನ್ನು ನೋಡಿದಳು. ಎಲ್ಲಿದ್ದೇನೆಂದು ಅವಳಿಗೆ ತಿಳಿದಂತಿರಲಿಲ್ಲ. "ಅಮ್ಮ?" ಅಂದಳು. ನಾನು ಕೆಮ್ಮೋ ಜಡ್ಜು ಹೇಳಿದ್ದನ್ನು ನೆನಪಿರುವಷ್ಟೂ ಹೇಳಿದೆ. ಹೆದರಿಕೆಯ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡಳು. ಅತ್ತೆ ಕೈಯಲ್ಲಿ ಮಂಗಳಾರತಿಯ ತಟ್ಟೆ ಹಿಡಿದೇ ಓಡಿಬಂದು, ವಿಷಯ ತಿಳಿದು, ಮೊದಲು ಹುಡುಗಿಗೆ, ಆಮೇಲೆ ಆ ಚೊಂಬಿಗೂ ಒಮ್ಮೆ ಆರತಿ ಬೆಳಗಿದರು.

ತಾಯಿಯ ಫೋನು ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದಳು. ಸಿಕ್ಕಾಗ ಆ ಕಡೆಯಿಂದ ಮಾತಿಲ್ಲ, ಬರೀ ಬೀದಿಯ ಹಾಡು, ಕೇಕೆ, ಗಾಡಿಗಳ ಹಾರ್ನು. ತಾಯಿ ಮಗಳು ಇಬ್ಬರೂ ಆ ಗದ್ದಲವನ್ನೇ ಕೇಳುತ್ತಾ ನಿಂತರು.

ಅಲ್ಲಿಂದ ಮುಂದಿನದೆಲ್ಲ ನೇರವಾಗೇನೂ ಆಗಲಿಲ್ಲ. ಹಳೆಯ ಅಧ್ಯಕ್ಷ ಮೇಲ್ಮನವಿ ಹಾಕಿದ. ಅದೂ ಬಿದ್ದುಹೋಯಿತು. ಚುನಾವಣೆ ಮತ್ತೆ ನಡೆಯಿತು. ಅವಳ ತಾಯಿಗೆ ಮತ್ತೆ ಡ್ಯೂಟಿ ಬಂತು, ಹೋದರು. ಬೇರೆಯವನು ಗೆದ್ದ. ವರ್ಷ ತುಂಬುವ ಮೊದಲೇ ಹುಡುಗಿ ಅವನನ್ನೂ ಬೈಯಲು ಶುರು ಮಾಡಿದಳು. ಬೆಲೆಗಳೆಲ್ಲ ಏರಿವೆಯಂತೆ, ಅವನ ಭಾವಮೈದುನನಿಗೆ ದೊಡ್ಡ ಹುದ್ದೆಯಂತೆ. "ಹಂಗಾದ್ರೆ ಅವನ್ನೂ ಇಳಿಸ್ರಿ," ಅಂದರು ಅತ್ತೆ, ಅದೀಗ ದಿನನಿತ್ಯದ ಸಂಗತಿ ಎಂಬಂತೆ. ತಾಯಿಗೆ ಆ ಚುನಾವಣೆಗೆ ಮುಂಚೆಯೇ ಕೆಲಸ ವಾಪಸ್ಸು ಸಿಕ್ಕಿತ್ತು. ಆದರೆ ಹಳೆಯ ಶಾಲೆಯಲ್ಲಲ್ಲ, ದೋಣಿಯಲ್ಲಿ ಹೋಗಬೇಕಾದ ಇನ್ನೊಂದು ಊರಿನಲ್ಲಿ.

ಹುಡುಗಿಯ ಕೋರ್ಸು ಮುಗಿದಾಗ ಆ ತಾಯಿ ತುಮಕೂರಿಗೆ ಬಂದರು. ನಾನು ಮನಸ್ಸಿನಲ್ಲಿ ಎತ್ತರದ ಹೆಂಗಸೊಬ್ಬಳನ್ನು ಕಲ್ಪಿಸಿಕೊಂಡಿದ್ದೆ. ಆಟೋದಿಂದ ಇಳಿದವರು ನನ್ನ ಭುಜದಷ್ಟೂ ಇರಲಿಲ್ಲ. ಆದರೆ ಬಾಯಿ ತೆರೆದ ಕೂಡಲೇ ಅತ್ತೆ, "ಅದೇ ಧ್ವನಿ ಕಣೇ," ಎಂದು ನನ್ನ ಸೆರಗು ಜಗ್ಗಿದರು. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಮಧ್ಯಾಹ್ನವೆಲ್ಲ ಜಗುಲಿಯ ಮೇಲೆ ಕೂತು ಹೂ ಕಟ್ಟಿದರು.

ನಾನು ತಾಯಿ ಮಗಳು ಇಬ್ಬರನ್ನೂ ಗುಬ್ಬಿಗೆ, ನಮ್ಮ ಕಾಲೇಜಿಗೆ ಕರೆದುಕೊಂಡು ಹೋದೆ. ಎರಡನೇ ಪಿಯುಸಿ ಮಕ್ಕಳು ಮೊದಲು ಸುಮ್ಮನೆ ಮಿಕಿಮಿಕಿ ನೋಡಿದರು. ನಾನು ನಡೆದದ್ದನ್ನು ಹೇಳಿ ಮುಗಿಸಿದ ಮೇಲೆ ಕಿಟಕಿಯ ಪಕ್ಕ ಕೂತ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಮಿಸ್, ಪ್ರೆಸಿಡೆಂಟ್ ಹತ್ರ ಪೊಲೀಸು, ಮಿಲ್ಟ್ರಿ ಎಲ್ಲಾ ಇತ್ತಲ್ವಾ? ಜಡ್ಜ್ ಹತ್ರ ಏನೂ ಇರ್ಲಿಲ್ಲ. ಅವರು ಹೇಳಿದ್ರು ಅಂತ ಇವನ್ಯಾಕೆ ಕೇಳ್ದ?"

ನಾನು ಅದನ್ನು ನಮ್ಮ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಾಯಿಗೆ ಪ್ರಶ್ನೆಯನ್ನು ದಾಟಿಸಿದಳು.

"ಕೇಳುತ್ತಾನೆಂದು ನಮಗೂ ಗೊತ್ತಿರಲಿಲ್ಲ," ಅಂದರು ಆ ತಾಯಿ. "ತೀರ್ಪು ಬಂದಾಗ ಬೀದಿಯಲ್ಲಿ ಕುಣಿದವರೇ ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಸೈನಿಕರು ಬರುತ್ತಾರೇನೋ ಎಂದು ನಾನು ಬಟ್ಟೆ ಬದಲಾಯಿಸದೆ ಕೂತಿದ್ದೆ. ಬೆಳಿಗ್ಗೆ ರೇಡಿಯೋ ಹಾಕಿದೆ. ಎಂದಿನ ಹಾಗೆ ಹವಾಮಾನ ಓದಿದರು, ಆಮೇಲೆ ಮೀನಿನ ದರ ಓದಿದರು. ಅವನು ಕೇಳಿದನೆಂದು ಆಗ ಗೊತ್ತಾಯಿತು. ಬಾಗಿಲು ತೆಗೆದೆ. ಪಕ್ಕದ ಮನೆಯವರೂ ತೆಗೆದರು."

"ಎರಡನೇ ಸಲ ಡ್ಯೂಟಿಗೆ ಹೋದಾಗ ಭಯ ಆಗ್ಲಿಲ್ವಾ?" ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ.

"ಆಯಿತು. ಆ ಸಲ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡೆ," ಅಂದರು.

ಮಕ್ಕಳು ಜೋರಾಗಿ ನಕ್ಕರು. ಅವರೂ ನಕ್ಕರು. ನಾನು ಅಂದು ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ.

ಸಂಜೆಯ ಗಾಡಿ ತಡವಾಗಿತ್ತು. ಗುಬ್ಬಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಮೂವರೂ ಹುರಿದ ಕಡಲೇಕಾಯಿ ತಿನ್ನುತ್ತಾ ಕೂತೆವು. ಹಳಿಗಳಾಚೆಯ ತೆಂಗಿನ ತೋಟದ ಮೇಲೆ ಬೆಳಕು ನಿಧಾನಕ್ಕೆ ಕೆಂಪಗಾಗುತ್ತಿತ್ತು. ನಾಳಿದ್ದು ತಾಯಿ ಮಗಳು ಇಬ್ಬರೂ ಹೊರಟುಬಿಡುತ್ತಾರೆ ಎಂದು ನೆನಪಾಯಿತು. ಆ ತಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದರು.

"ಆ ಕಿಟಕಿ ಪಕ್ಕದ ಹುಡುಗಿ ಇನ್ನೂ ಏನೋ ಕೇಳಬೇಕೆಂದಿದ್ದಳಂತೆ, ಬೆಲ್ ಹೊಡೆದುಬಿಟ್ಟಿತಂತೆ," ಎಂದು ಹುಡುಗಿ ನನಗೆ ಹೇಳಿದಳು. "ನಾಳೆ ಅವಳನ್ನು ಕೇಳಿಕೊಂಡು ಬಂದು ಹೇಳಬೇಕಂತೆ ನೀವು."

ಆಗಲಿ ಎಂದೆ. ದೂರದಲ್ಲಿ ಗಾಡಿಯ ದೀಪ ಕಾಣಿಸಿತು.